ಹುಣಸೆಮರದ ಕೆಳಗಿನ ಜೀಪು

ಡಿಸೆಂಬರ್ ತಿಂಗಳ ಬೆಳಗಿನ ಐದು ಗಂಟೆಗೆ ನಮ್ಮ ತೋಟದಲ್ಲಿ ಹಿಪ್ಪುನೇರಳೆ ಎಲೆಯ ಮೇಲೆ ಮಂಜು ಹನಿಗಟ್ಟಿರುತ್ತದೆ. ಜೀಪಿನ ಸೀಟು ತಣ್ಣಗೆ ಕೊರೆಯುತ್ತದೆ. ಕೀಲಿಯನ್ನು ಅರ್ಧ ತಿರುಗಿಸಿ, ಹೀಟರ್ ಪ್ಲಗ್ ಕಾಯಲೆಂದು ಬಿಟ್ಟು, ಮನಸ್ಸಿನಲ್ಲೇ ಇಪ್ಪತ್ತೈದರವರೆಗೆ ಎಣಿಸುತ್ತೇನೆ. ಬೇಸಿಗೆಯಲ್ಲಾದರೆ ಹತ್ತು ಸಾಕು. ಹದಿನೈದಕ್ಕೇ ಅವಸರಪಟ್ಟು ಸೆಲ್ಫ್ ಹೊಡೆದರೆ ಬಿಳಿ ಹೊಗೆ ಕಕ್ಕಿ, ನಡುಗಿ, ಸುಮ್ಮನಾಗುತ್ತದೆ. ಸರಿಯಾಗಿ ಕಾದರೆ ಒಂದೇ ಸಲಕ್ಕೆ ಹೊತ್ತಿಕೊಳ್ಳುತ್ತದೆ. ಆ ಸದ್ದು ಕೇಳಿದ ಮೇಲೆಯೇ ನನಗೆ ಬೆಳಗಾಗುವುದು.

ನನ್ನದು 1993ರ ಮಹೀಂದ್ರಾ ಎಂಎಂ 540. ಎಂಜಿನ್ ಪಿಜೋ ವಿನ್ಯಾಸದ್ದು, 2112 ಸಿಸಿ ಡೀಸೆಲ್. ಇದರಲ್ಲಿ ಡೀಸೆಲ್ ನೇರವಾಗಿ ಸಿಲಿಂಡರಿಗೆ ಬೀಳುವುದಿಲ್ಲ. ಹೆಡ್ಡಿನೊಳಗಿರುವ ಪುಟ್ಟ ಗೂಡಿನಲ್ಲಿ ಮೊದಲು ಹೊತ್ತಿಕೊಂಡು ಆಮೇಲೆ ಕೆಳಗಿಳಿಯುತ್ತದೆ. ಗೂಡು ತಣ್ಣಗಿದ್ದರೆ ಬೆಂಕಿ ಹಿಡಿಯುವುದಿಲ್ಲ, ಅದಕ್ಕೇ ಹೀಟರ್ ಪ್ಲಗ್. ನಾಲ್ಕರಲ್ಲಿ ಒಂದು ಸತ್ತರೂ ಬೆಳಗ್ಗೆ ಮೂರು ಕಾಲಿನ ಕುದುರೆಯಂತೆ ಕುಂಟುತ್ತದೆ. ಪರೀಕ್ಷಿಸುವುದು ಕಷ್ಟವೇನಲ್ಲ. ಪ್ಲಗ್ ಬಿಚ್ಚಿ, ಇಕ್ಕಳದಲ್ಲಿ ಹಿಡಿದು, ಅದರ ಮೈಯನ್ನು ಬ್ಯಾಟರಿಯ ನೆಗೆಟಿವ್‌ಗೂ ತಲೆಯನ್ನು ಪಾಸಿಟಿವ್‌ಗೂ ತಂತಿಯಿಂದ ಮುಟ್ಟಿಸಿದರೆ ತುದಿ ಕೆಲವೇ ಕ್ಷಣಗಳಲ್ಲಿ ಕೆಂಡದ ಬಣ್ಣಕ್ಕೆ ತಿರುಗಬೇಕು. ತಿರುಗದಿದ್ದರೆ ಹೊಸದು ಹಾಕಿ. ಇದನ್ನು ಕಲಿಯುವ ಮೊದಲು ನಾನು ಎರಡು ಬ್ಯಾಟರಿ ಬದಲಾಯಿಸಿದ್ದೆ.

2014ರಲ್ಲಿ ಇದನ್ನು ಶಿಡ್ಲಘಟ್ಟದ ರೇಷ್ಮೆಗೂಡು ವ್ಯಾಪಾರಿಯೊಬ್ಬರಿಂದ ಕೊಂಡೆ. ಸಂಖ್ಯೆ ಕೆಎ 07ರಿಂದ ಶುರುವಾಗುತ್ತದೆ. ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾಗಿದ್ದು 2007ರಲ್ಲಿ. ಅದಕ್ಕೂ ಮೊದಲು ನಾವೆಲ್ಲ ಕೋಲಾರದವರೇ. ಈಗ ಕೆಎ 40ರ ಗಾಡಿಗಳ ನಡುವೆ ಇದು ನಿಂತಾಗ ನಮ್ಮ ಹಿರಿಯರು "ಇದು ಹಳೇ ಜಿಲ್ಲೆಯ ಗಾಡಿ" ಎಂದು ಗುರುತಿಸುತ್ತಾರೆ. ಆ ಮಾತು ನನಗೆ ಇಷ್ಟ.

ಕೊಂಡ ಮೊದಲ ವರ್ಷ ನನ್ನನ್ನು ಹಣ್ಣು ಮಾಡಿದ್ದು ಸ್ಟೀರಿಂಗ್. ಪೇರೇಸಂದ್ರದಿಂದ ಊರ ಕಡೆ ಬರುವಾಗ ಐವತ್ತು ಕಿಲೋಮೀಟರ್ ವೇಗದಲ್ಲಿ ಒಂದು ಸಣ್ಣ ಗುಂಡಿ ಸಿಕ್ಕಿದರೆ ಸಾಕು, ಮುಂದಿನ ಎರಡೂ ಚಕ್ರ ಎಡಬಲಕ್ಕೆ ಹುಚ್ಚು ಹಿಡಿದಂತೆ ಬಡಿದುಕೊಳ್ಳಲು ಶುರುಮಾಡುತ್ತಿದ್ದವು. ಸ್ಟೀರಿಂಗ್ ಕೈಯಿಂದ ಕಿತ್ತುಕೊಂಡು ಹೋಗುವಷ್ಟು ಜೋರು. ವೇಗ ಪೂರ್ತಿ ಇಳಿಸದೆ ನಿಲ್ಲುತ್ತಿರಲಿಲ್ಲ. ಒಮ್ಮೆ ಪಕ್ಕದಲ್ಲಿ ಅಮ್ಮ ಕುಳಿತಿದ್ದರು. ಮನೆ ತಲುಪುವವರೆಗೂ ಅವರು ಒಂದು ಮಾತೂ ಆಡಲಿಲ್ಲ, ಇಳಿದ ಮೇಲೆ "ಇದನ್ನು ಮಾರಿಬಿಡು" ಎಂದಷ್ಟೇ ಹೇಳಿದರು.

ಒಂದು ಗ್ಯಾರೇಜಿನಲ್ಲಿ ಟೈರ್ ಬದಲಾಯಿಸಿದರು, ಮುಂದಿನ ಎರಡು ಚಕ್ರಗಳನ್ನು ಜೋಡಿಸುವ ಟೈ ರಾಡಿಗೆ ಹೊಸ ಎಂಡ್ ಹಾಕಿದರು, ಸ್ಟೀರಿಂಗ್ ಬಾಕ್ಸ್ ಬಿಚ್ಚಿ ಕಟ್ಟಿದರು. ಹದಿನಾಲ್ಕು ಸಾವಿರ ರೂಪಾಯಿ ಹೋಯಿತು, ನಡುಕ ಹೋಗಲಿಲ್ಲ. ಕೊನೆಗೆ ಪರಿಚಯದವರೊಬ್ಬರು ಒಬ್ಬ ಹಿರಿಯ ಮೇಸ್ತ್ರಿಯ ಬಳಿ ಕಳುಹಿಸಿದರು. ಅವರು ಪಾನಾ ಮುಟ್ಟಲೇ ಇಲ್ಲ. ಮುಂದಿನ ಚಕ್ರವನ್ನು ಜಾಕಿನಲ್ಲಿ ಎತ್ತಿ, ಮೇಲೊಂದು ಕೈ ಕೆಳಗೊಂದು ಕೈ ಇಟ್ಟು ಅಲ್ಲಾಡಿಸಿದರು. ಟಕ್, ಟಕ್.

"ಈಗ ನೀನು ಬ್ರೇಕ್ ಒತ್ತಿ ಹಿಡಿಯಪ್ಪ" ಎಂದರು. ಒತ್ತಿದೆ. ಮತ್ತೆ ಅಲ್ಲಾಡಿಸಿದರು. ಟಕ್, ಟಕ್. "ಬ್ರೇಕ್ ಹಿಡಿದಾಗ ಆಟ ನಿಂತಿದ್ದರೆ ಚಕ್ರದ ಬೇರಿಂಗ್ ಅನ್ನಬಹುದಿತ್ತು. ನಿಲ್ಲಲಿಲ್ಲ. ಹಾಗಾದರೆ ಕಿಂಗ್ ಪಿನ್."

ಹತ್ತು ಸೆಕೆಂಡಿನ ಕೆಲಸ. ಹಳೆಯ ಜೀಪು ಕೊಳ್ಳಲು ಹೊರಟ ಯಾರು ಕೇಳಿದರೂ ನಾನು ಮೊದಲು ಹೇಳಿಕೊಡುವುದು ಇದನ್ನೇ.

ಮುಂದಿನ ಚಕ್ರ ಎಡಬಲಕ್ಕೆ ತಿರುಗುವುದು ಕಿಂಗ್ ಪಿನ್ ಎಂಬ ಗೂಟದ ಆಧಾರದ ಮೇಲೆ. ಅದರ ಮೇಲೆ ಮತ್ತು ಕೆಳಗೆ ಮುಚ್ಚಳವಿರುತ್ತದೆ. ಮುಚ್ಚಳದಡಿ ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಲೋಹದ ಬಿಲ್ಲೆಗಳು, ಅಂದರೆ ಶಿಮ್‌ಗಳು, ಒಂದರ ಮೇಲೊಂದು. ಬೇರಿಂಗ್ ಸವೆದಾಗ ಶಿಮ್ ತೆಗೆದು ಬಿಗಿ ಮಾಡಬೇಕು, ಮೇಲೆ ಎಷ್ಟು ತೆಗೆದರೆ ಕೆಳಗೂ ಅಷ್ಟೇ; ಇಲ್ಲದಿದ್ದರೆ ಒಳಗಿನ ಆಕ್ಸಲ್ ನಡುವಿನಿಂದ ಸರಿಯುತ್ತದೆ. ನನ್ನ ಜೀಪಿನಲ್ಲಿ ಬೇರಿಂಗೇ ಗುಳಿ ಬಿದ್ದಿತ್ತು, ಹೊಸದು ಹಾಕಿಸಿದೆವು. ಬಿಗಿ ಸರಿಯಾಗಿದೆಯೇ ಎಂದು ನೋಡಲು ಮೇಸ್ತ್ರಿ ಗೋಡೆಯ ಮೊಳೆಯಿಂದ ತೆಗೆದದ್ದು ಹಳೆ ಪೇಪರ್ ಕೊಳ್ಳುವವರ ಬಳಿ ಇರುವಂಥ ಸ್ಪ್ರಿಂಗ್ ತಕ್ಕಡಿ. ಆಯಿಲ್ ಸೀಲ್ ಹಾಕುವ ಮೊದಲು, ಟೈ ರಾಡ್ ಕೂರುವ ತೂತಿಗೆ ಅದರ ಕೊಕ್ಕೆ ಸಿಕ್ಕಿಸಿ ನಿಧಾನವಾಗಿ ಎಳೆದರು. ಮುಳ್ಳು ನಾಲ್ಕಕ್ಕೇ ಚಕ್ರದ ಗೆಣ್ಣು ತಿರುಗಿತು. ಎರಡೂ ಕಡೆ ಒಂದೊಂದು ಶಿಮ್ ತೆಗೆದು ಮತ್ತೆ ಎಳೆದರು. ಆರು. "ಐದೂವರೆಯಿಂದ ಏಳು ಕೆ.ಜಿ. ಒಳಗಿರಬೇಕು" ಎಂದು ಹೇಳಿ ಬೋಲ್ಟ್ ಬಿಗಿದರು. ಆ ಸಂಜೆ ಹೆದ್ದಾರಿಯಲ್ಲಿ ಬೇಕೆಂದೇ ಗುಂಡಿ ಹುಡುಕಿ ಓಡಿಸಿದೆ. ಸ್ಟೀರಿಂಗ್ ಕೈಯಲ್ಲಿ ಸುಮ್ಮನೆ ಕುಳಿತಿತ್ತು. ಮರುವಾರ ಅಮ್ಮನನ್ನು ಭೋಗನಂದೀಶ್ವರನ ದರ್ಶನಕ್ಕೆ ಕರೆದುಕೊಂಡು ಹೋದೆ. ಹೋಗುವಾಗ ಬಾಗಿಲ ಕಂಬಿ ಹಿಡಿದೇ ಕುಳಿತಿದ್ದವರು ಬರುವಾಗ ಕೈಬಿಟ್ಟಿದ್ದರು.

ಅಂದಿನಿಂದ ನನ್ನ ಕೈಯಲ್ಲಿ ಆಗುವ ಕೆಲಸವನ್ನು ನಾನೇ ಮಾಡುತ್ತೇನೆ. ಈ ಗಾಡಿಯಲ್ಲಿ ಬಚ್ಚಿಟ್ಟದ್ದು ಏನೂ ಇಲ್ಲ. ಕೆಳಗೆ ಮಲಗಿದರೆ ಎಲ್ಲವೂ ಕಣ್ಣಿಗೆ ಬೀಳುತ್ತದೆ, ಎಲ್ಲವೂ ಪಾನಾಕ್ಕೆ ಸಿಗುತ್ತದೆ. ಅದೇ ಕಾರಣಕ್ಕೆ ಎಲ್ಲವೂ ಸಡಿಲಗೊಳ್ಳುತ್ತದೆ, ಎಲ್ಲಿಂದಾದರೂ ಆಯಿಲ್ ಜಿನುಗುತ್ತದೆ. ತಿಂಗಳಿಗೊಮ್ಮೆ ಗ್ರೀಸ್ ಗನ್ ಹಿಡಿದು ಕಮಾನು ಪಟ್ಟೆಯ ಶಾಕಲ್, ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್, ಸ್ಟೀರಿಂಗ್ ಕೊಂಡಿಗಳಿಗೆಲ್ಲ ಹಳೆಯ ಕಪ್ಪು ಗ್ರೀಸ್ ಹೊರಬಂದು ಹೊಸದು ಕಾಣುವವರೆಗೆ ತುಂಬುತ್ತೇನೆ. ಬಿಡಿಭಾಗಗಳಿಗೆ ಬೆಂಗಳೂರಿನ ಜೆ.ಸಿ. ರಸ್ತೆ, ಅಲ್ಲಿ ಸಿಗದಿದ್ದರೆ ಶಿವಾಜಿನಗರದ ಗುಜರಿ ಅಂಗಡಿಗಳು. ಹೊಳೆಯುವ ಹೊಸ ಪೆಟ್ಟಿಗೆಯಲ್ಲಿ ಬಂದ ನಕಲಿ ಕ್ರಾಸ್ ಒಂದು ನನಗೆ ನಾಲ್ಕೇ ತಿಂಗಳಲ್ಲಿ ಕೈಕೊಟ್ಟಿತು. ಗುಜರಿಯಲ್ಲಿ ಆರಿಸಿ ತಂದ ಹಳೆಯ ಅಸಲಿ ಇಂದಿಗೂ ತಿರುಗುತ್ತಿದೆ. ನನ್ನನ್ನು ಕೇಳಿದರೆ, ಸವೆದ ಅಸಲಿಗಿಂತ ಹೊಸ ನಕಲಿ ಹೆಚ್ಚು ಅಪಾಯ.

2021ರ ನವೆಂಬರ್ ಮಳೆಯನ್ನು ನಮ್ಮ ಜಿಲ್ಲೆಯವರು ಮರೆತಿಲ್ಲ. ವರ್ಷಗಟ್ಟಲೆ ಬತ್ತಿದ್ದ ಕೆರೆಗಳು ತುಂಬಿ ಕೋಡಿ ಹರಿದವು. ಸಂತೋಷಪಡಬೇಕೋ ಹೆದರಬೇಕೋ ತಿಳಿಯದ ದಿನಗಳು. ನಮ್ಮೂರ ಕೆರೆಯ ಕೋಡಿ ನೀರು ರಸ್ತೆಯ ಮೇಲೆ ಹರಿದು ಹಾಲಿನ ಲಾರಿ ಆಚೆ ದಡದಲ್ಲೇ ನಿಂತಿತು. ಡೈರಿಯಲ್ಲಿ ಒಂಬತ್ತು ಕ್ಯಾನ್ ಹಾಲು, ಒಂದೊಂದು ನಲವತ್ತು ಲೀಟರ್. ನೀರಿನ ರಭಸ ಇಳಿಯಲಿ ಎಂದು ಎರಡು ಗಂಟೆ ಕಾದೆವು. ಆಮೇಲೆ ನಾನು ಕೋಲು ಹಿಡಿದು ಮೊದಲು ನಡೆದೇ ದಾಟಿ ನೋಡಿದೆ. ಮೊಣಕಾಲಿಗಿಂತ ಕೆಳಗಿತ್ತು, ಅಡಿಯಲ್ಲಿ ಜಲ್ಲಿ ಗಟ್ಟಿಯಾಗಿತ್ತು. ನಡೆದು ದಾಟಲಾಗದ ನೀರಿಗೆ ನಾನು ಜೀಪು ಇಳಿಸುವುದಿಲ್ಲ.

ಗೇರಿನ ಪಕ್ಕದಲ್ಲಿ ಎರಡು ಸಣ್ಣ ಲೀವರ್‌ಗಳಿವೆ. ಒಂದು ಮುಂದಿನ ಚಕ್ರಗಳಿಗೂ ಶಕ್ತಿ ಕೊಡಲು, ಅಂದರೆ ಫೋರ್ ವೀಲ್ ಹಾಕಲು, ಇನ್ನೊಂದು ಲೋ ಹಾಕಲು. ಲೋದಲ್ಲಿ ವೇಗ ಸುಮಾರು ಎರಡೂವರೆ ಪಟ್ಟು ಇಳಿದು ಎಳೆತ ಅಷ್ಟೇ ಪಟ್ಟು ಏರುತ್ತದೆ. ಡಾಂಬರಿನ ಮೇಲೆ ಫೋರ್ ವೀಲ್ ಹಾಕಬಾರದು. ತಿರುವಿನಲ್ಲಿ ಮುಂದಿನ ಚಕ್ರ ಮತ್ತು ಹಿಂದಿನ ಚಕ್ರ ಸಾಗುವ ದೂರ ಬೇರೆ ಬೇರೆ. ಜಾರಲು ಮಣ್ಣಿಲ್ಲದಿದ್ದರೆ ಆ ವ್ಯತ್ಯಾಸವೆಲ್ಲ ಗೇರುಗಳ ಮೇಲೆ ಬೀಳುತ್ತದೆ. ಅಂದು ಎರಡನೇ ಗೇರಿನಲ್ಲಿ, ಕ್ಲಚ್ ಮುಟ್ಟದೆ, ಮುಂದೊಂದು ಸಣ್ಣ ಅಲೆ ಎಬ್ಬಿಸಿಕೊಂಡು ಒಂದೇ ಲಯದಲ್ಲಿ ದಾಟಿದೆ. ಎರಡು ಸಲ ಹೋಗಿ ಬಂದೆ. ಆಚೆ ದಡದಲ್ಲಿ ಕ್ಯಾನ್ ಇಳಿಸುವಾಗ ಲಾರಿಯ ಚಾಲಕ ಜೀಪಿನ ಬಾನೆಟ್ಟನ್ನು ಎತ್ತಿನ ಬೆನ್ನು ತಟ್ಟಿದಂತೆ ತಟ್ಟಿದ. ಹನ್ನೊಂದು ವರ್ಷದಲ್ಲಿ ಈ ಜೀಪು ನನಗೆ ಕೊಟ್ಟ ದಿನಗಳಲ್ಲಿ ಅದಕ್ಕಿಂತ ದೊಡ್ಡದು ಇಲ್ಲ.

ಅದರ ಲೆಕ್ಕ ಮರುದಿನ ಬಂತು. ಹಿಂದಿನ ಆಕ್ಸಲ್ ಹೌಸಿಂಗ್‌ನ ಪ್ಲಗ್ ಬಿಚ್ಚಿದರೆ ತೊಂಬತ್ತರ ಗೇರ್ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿತ್ತು. ನೀರು ಸೇರಿದೆ. ಸೀಲ್ ಹೊಸದೇ, ಹಾಗಿದ್ದರೆ ಹೇಗೆ? ಹೌಸಿಂಗ್ ಮೇಲಿನ ಗಾಳಿಯಾಡುವ ಪುಟ್ಟ ತೂತು, ಬ್ರೀದರ್, ಮಣ್ಣು ಮೆತ್ತಿ ಮುಚ್ಚಿಹೋಗಿತ್ತು. ಓಡಿ ಬಿಸಿಯಾದ ಹೌಸಿಂಗ್ ತಣ್ಣೀರಿಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗುತ್ತದೆ. ಉಸಿರಾಡಲು ದಾರಿಯಿಲ್ಲದಿದ್ದರೆ ಸೀಲಿನ ಅಂಚಿನಿಂದ ನೀರನ್ನೇ ಒಳಗೆಳೆದುಕೊಳ್ಳುತ್ತದೆ. ಈಗ ಬ್ರೀದರಿಗೆ ಒಂದು ರಬ್ಬರ್ ಕೊಳವೆ ಸಿಕ್ಕಿಸಿ ಚಾಸಿಸ್ ಮೇಲಕ್ಕೆ ಒಯ್ದು ಕಟ್ಟಿದ್ದೇನೆ. ಅರವತ್ತು ರೂಪಾಯಿ ಖರ್ಚು. ನೀರಿನಿಂದ ಹೊರಬಂದ ಮೇಲೆ ಎಡಗಾಲಿನಿಂದ ಬ್ರೇಕನ್ನು ಹಗುರವಾಗಿ ಒತ್ತಿಕೊಂಡೇ ನೂರು ಗಜ ಓಡಿಸುವುದನ್ನೂ ಮರೆಯಬೇಡಿ. ಒದ್ದೆಯಾದ ಡ್ರಮ್ ಬ್ರೇಕ್ ಹಿಡಿಯುವುದೇ ಇಲ್ಲ.

ಕಾಗದಪತ್ರದ ಕಷ್ಟ ಬೇರೆ ಬಗೆಯದು. ಹದಿನೈದು ವರ್ಷದ ನಂತರ ಪ್ರತಿ ಐದು ವರ್ಷಕ್ಕೆ ನೋಂದಣಿ ನವೀಕರಿಸಬೇಕು. 2018ರಲ್ಲಿ ಕಾರಿನ ನವೀಕರಣ ಶುಲ್ಕ 600 ರೂಪಾಯಿ. 2022ರ ಏಪ್ರಿಲ್‌ನಿಂದ ಅದು 5,000 ಆಯಿತು, 2023ರಲ್ಲಿ ನಾನು ಕಟ್ಟಿದ್ದು ಅಷ್ಟು. ಹಸಿರು ತೆರಿಗೆ ಬೇರೆ. ಹಣಕ್ಕಿಂತ ನನ್ನನ್ನು ಕಾಡಿದ್ದು ಚಾಸಿಸ್ ಸಂಖ್ಯೆ. ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದರೆ ಎರಡು ಅಂಕಿ ತುಕ್ಕಿನಲ್ಲಿ ಕರಗಿಹೋಗಿದ್ದವು. ಯಾರೋ ಗ್ರೈಂಡರ್ ಹಿಡಿಸು ಎಂದರು. ಆ ತಪ್ಪು ಮಾಡಬೇಡಿ, ಅಂಕಿ ಅಳಿದರೆ ಗಾಡಿಯೇ ಕಳುವಿನ ಮಾಲಿನ ಅನುಮಾನಕ್ಕೆ ಬೀಳುತ್ತದೆ. ನಾನು ಮೂರು ರಾತ್ರಿ ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆ ಸುತ್ತಿಟ್ಟು, ಬೆಳಗ್ಗೆ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದೆ. ನಾಲ್ಕನೆಯ ದಿನ ಅಂಕಿಗಳು ಎದ್ದು ಕಂಡವು. ಈಗ ಅದರ ಮೇಲೆ ಸದಾ ತೆಳುವಾಗಿ ಗ್ರೀಸ್ ಸವರಿಟ್ಟಿರುತ್ತೇನೆ.

ಇನ್ನೊಂದು ಮಾತು ಹೇಳಲೇಬೇಕು. ಭಾನುವಾರಗಳಲ್ಲಿ ದೊಡ್ಡ ಟೈರಿನ ಗಾಡಿಗಳು ನಮ್ಮ ಬೆಟ್ಟಗಳ ಬುಡಕ್ಕೆ ಸಾಲುಗಟ್ಟಿ ಬರುತ್ತವೆ. ಕೆಲವರು ಕೆರೆಯ ಅಂಗಳಕ್ಕೆ ಇಳಿದು ಚಕ್ರ ತಿರುಗಿಸಿ ಕೆಸರು ಎರಚುತ್ತಾರೆ. ಆ ಕೆರೆಯ ಹೂಳು ತೆಗೆಯಲು ಊರಿನವರು ಎಷ್ಟು ಬೇಸಿಗೆ ದುಡಿದಿದ್ದಾರೆ ಎಂಬುದನ್ನು ನಾನು ನೋಡಿದ್ದೇನೆ. ರಾಜಕಾಲುವೆಯ ಬದು ಒಮ್ಮೆ ಚಕ್ರಕ್ಕೆ ಸಿಕ್ಕಿ ಕುಸಿದರೆ ಮುಂದಿನ ಮಳೆಯ ನೀರು ಕೆರೆಗೆ ಸೇರುವುದಿಲ್ಲ. ಫೋರ್ ವೀಲ್ ಇರುವುದು ದಾರಿ ಕೆಟ್ಟಾಗ ದಾಟಲು. ನನ್ನ ಜೀಪಿಗೆ ತೋಟದ ಬಂಡಿಜಾಡು, ರೇಷ್ಮೆಗೂಡಿನ ಚೀಲ ಹೊತ್ತು ಶಿಡ್ಲಘಟ್ಟಕ್ಕೆ ಹೋಗುವ ಮಣ್ಣಿನ ಅಡ್ಡದಾರಿ ಸಾಕು. ಮಾರ್ಚಿಯಲ್ಲಿ ಗೂಡು ತುಂಬಿಕೊಂಡು ನಸುಕಿನಲ್ಲಿ ಹೊರಟು, ಮುಂದಿನ ಗಾಜನ್ನು ಬಾನೆಟ್ ಮೇಲೆ ಮಲಗಿಸಿ, ಮುಖಕ್ಕೆ ಹೊಂಗೆ ಹೂವಿನ ಗಾಳಿ ಬಡಿಯುತ್ತಿರಲು ಇಪ್ಪತ್ತೈದರ ವೇಗದಲ್ಲಿ ಸಾಗುವ ಸುಖವನ್ನು ನಾನು ಬೇರೆ ಯಾವ ಗಾಡಿಯಲ್ಲೂ ಕಂಡಿಲ್ಲ.

ಸದ್ಯ ಜೀಪು ಹುಣಸೆಮರದ ಕೆಳಗೆ ಮರದ ದಿಮ್ಮಿಗಳ ಮೇಲೆ ನಿಂತಿದೆ. ಶಕ್ತಿಯನ್ನು ಮುಂದಿನ ಹಿಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸಿನ ನಡುವಿನ ಗೇರಿನ ಶಾಫ್ಟ್ ಸವೆದು ಆಯಿಲ್ ಸೋರುತ್ತಿತ್ತು. ಹೊಸ ಶಾಫ್ಟ್ ಸಿಕ್ಕಿದೆ, ಆದರೆ ಅದು ಕೂರುವ ತೂತೂ ಹಿಗ್ಗಿದೆ. ಬುಷ್ ಕೂರಿಸಲು ಲೇತ್‌ನವರು ಕೇಸನ್ನು ಇಟ್ಟುಕೊಂಡಿದ್ದಾರೆ. ಗುರುವಾರ ಕೊಡುತ್ತೇನೆ ಎಂದಿದ್ದಾರೆ. ಗ್ಯಾಸ್ಕೆಟ್ ಕತ್ತರಿಸಿ ಇಟ್ಟಿದ್ದೇನೆ, ಬೋಲ್ಟುಗಳನ್ನು ತೊಳೆದು ಬಿಚ್ಚಿದ ಕ್ರಮದಲ್ಲೇ ರಟ್ಟಿನ ಮೇಲೆ ಚುಚ್ಚಿದ್ದೇನೆ. ಮುಂದಿನ ಸೋಮವಾರ ಗೂಡು ಬಿಡಿಸಬೇಕು.