ವಾಟ್ಸಾಪ್ ಗ್ರೂಪ್ ಬಿಟ್ಟು ಟೆಲಿಗ್ರಾಮ್‌ಗೆ ಹೋಗುವವರಿಗೆ
ಹಳೇ ಚಾಟ್ ಬಿಟ್ಟುಹೋಗಬೇಕಿಲ್ಲ, ಜೊತೆಗೇ ಒಯ್ಯಬಹುದು. ಟೆಲಿಗ್ರಾಮ್‌ನಲ್ಲಿ ಹೊಸ ಗ್ರೂಪ್ ಮಾಡಿ. ವಾಟ್ಸಾಪ್ ಗ್ರೂಪ್ ತೆರೆದು ಮೂರು ಚುಕ್ಕಿ, ಮೋರ್, ಎಕ್ಸ್‌ಪೋರ್ಟ್ ಚಾಟ್ ಒತ್ತಿ, ಟೆಲಿಗ್ರಾಮ್ ಆರಿಸಿ ಆ ಗ್ರೂಪ್ ತೋರಿಸಿ. ಐಫೋನ್‌ನಲ್ಲಾದರೆ ಎಕ್ಸ್‌ಪೋರ್ಟ್ ಗ್ರೂಪ್ ಇನ್ಫೋದಲ್ಲಿದೆ. ಎಕ್ಸ್‌ಪೋರ್ಟ್ ಮಾಡಿದವರ ಫೋನಿನಲ್ಲಿ ಇರುವಷ್ಟೇ ಬರುವುದು, ಹಾಗಾಗಿ ಈ ಕೆಲಸ ಮೊದಲಿನಿಂದಲೂ ಇದ್ದ, ಏನನ್ನೂ ಅಳಿಸದ ಸದಸ್ಯರಿಗೇ ವಹಿಸಿ. ಹೊಸ ಗ್ರೂಪಿನಲ್ಲಿ ಅವರನ್ನು ಅಡ್ಮಿನ್ ಮಾಡಿರಬೇಕು. ಹೆಸರುಗಳೂ ಅವರು ಸೇವ್ ಮಾಡಿಕೊಂಡಂತೆಯೇ ಬರುತ್ತವೆ: ‘ಬಾಡಿಗೆ ಬಾಕಿ ಮಂಜಣ್ಣ’ ಅಂತಿದ್ದರೆ ಎಲ್ಲರಿಗೂ ಹಾಗೇ ಕಾಣುತ್ತದೆ, ಮೊದಲೇ ತಿದ್ದಿ. ಹಳೇ ಮೆಸೇಜುಗಳು ತಂದ ದಿನದ ಜಾಗದಲ್ಲಿ ಕೂರುತ್ತವೆ (ಮೂಲ ತಾರೀಖು ಪಕ್ಕದಲ್ಲಿರುತ್ತದೆ), ಆದ್ದರಿಂದ ಹೊಸ ಕಡೆ ಮಾತು ಶುರುವಾಗುವ ಮೊದಲೇ ತನ್ನಿ. ಆಮೇಲೆ ಸೇರುವವರಿಗೂ ಕಾಣಲು ಚಾಟ್ ಹಿಸ್ಟರಿಯನ್ನು ‘ವಿಸಿಬಲ್’ ಮಾಡಿ. ಫೋಟೊ, ವಿಡಿಯೊ ಸಮೇತ ತಂದರೆ ಇತ್ತೀಚಿನ ಸುಮಾರು 10,000 ಮೆಸೇಜ್ ಮಾತ್ರ, ಬರೀ ಬರಹವಾದರೆ 40,000; ಅದಕ್ಕೂ ಹಿಂದಿನದು ಸಿಗುವುದಿಲ್ಲ. ವಾಟ್ಸಾಪ್ ಗ್ರೂಪಿನಲ್ಲಿ ‘ಅಡ್ವಾನ್ಸ್ಡ್ ಚಾಟ್ ಪ್ರೈವಸಿ’ ಆನ್ ಇದ್ದರೆ ಎಕ್ಸ್‌ಪೋರ್ಟ್ ಆಗುವುದೇ ಇಲ್ಲ.