ಮೊಬೈಲಿಗೆ ಮೆಮೊರಿ ಕಾರ್ಡ್ ಕೊಳ್ಳುವಾಗ

ಮೊದಲು ಸಿಮ್ ಟ್ರೇ ಹೊರಗೆಳೆದು ನೋಡಿ. ಕೆಲವು ಫೋನ್‌ಗಳಲ್ಲಿ ಎರಡನೇ ಸಿಮ್ ಮತ್ತು ಕಾರ್ಡಿಗೆ ಒಂದೇ ಜಾಗ. ಹಲವು ಹೊಸ ಫೋನ್‌ಗಳಲ್ಲಿ ಕಾರ್ಡಿಗೆ ಜಾಗವೇ ಇಲ್ಲ. ಎಷ್ಟು ಜಿಬಿವರೆಗೆ ಹಿಡಿಯುತ್ತದೆಂದು ಫೋನಿನ ವಿವರಗಳಲ್ಲಿ ನೋಡಿಕೊಳ್ಳಿ. ಹಳೆಯ ಫೋನುಗಳು 32 ಜಿಬಿಗೇ ನಿಲ್ಲಬಹುದು.

ವೇಗ ಕಾರ್ಡಿನ ಮೇಲೆಯೇ ಅಚ್ಚಾಗಿರುತ್ತದೆ. ವೃತ್ತದೊಳಗೆ 10 ಇದ್ದರೆ ಸೆಕೆಂಡಿಗೆ ಕನಿಷ್ಠ 10 ಎಂಬಿ ಬರೆಯುತ್ತದೆ. ಹಾಡು, ಫೋಟೊಗಳಿಗೆ ಧಾರಾಳ. ಸಿದ್ಧಗಂಗೆ ಜಾತ್ರೆಯ ತೇರನ್ನು 4ಕೆ ವಿಡಿಯೊ ಮಾಡುವವರಿಗೆ ಯು3 ಅಥವಾ ವಿ30 ಗುರುತು ಬೇಕು, ಅಂದರೆ ಸೆಕೆಂಡಿಗೆ ಕನಿಷ್ಠ 30 ಎಂಬಿ. ನಿಧಾನದ ಕಾರ್ಡಾದರೆ ರೆಕಾರ್ಡಿಂಗ್ ನಡುವೆಯೇ ನಿಂತುಬಿಡಬಹುದು. ಆ್ಯಪ್‌ಗಳನ್ನೂ ಕಾರ್ಡಿನಲ್ಲೇ ಇಡುವುದಾದರೆ ಎ1 ಗುರುತು ನೋಡಿ.

ದೊಡ್ಡ ಕಾಟ ನಕಲಿಯದು. ಒಳಗಿರುವುದು 8 ಜಿಬಿ, ಫೋನಿಗೆ ತೋರಿಸುವುದು 128. ಎಂಟು ತುಂಬಿದ ಮೇಲೆ ಹಾಕಿದ ಫೋಟೊಗಳು ಹೆಸರಿಗಷ್ಟೇ ಇರುತ್ತವೆ, ತೆರೆಯುವುದಿಲ್ಲ. ಮದುವೆಯ ಫೋಟೊ ಹಾಗೆ ಹೋದರೆ ಮತ್ತೆ ಸಿಗುವುದಿಲ್ಲ. ತುಮಕೂರಿನ ಎಂ.ಜಿ. ರಸ್ತೆಯಲ್ಲಿ ಕೊಂಡರೂ ಆನ್‌ಲೈನಿನಲ್ಲಿ ತರಿಸಿದರೂ ಬಿಲ್ ಇರಲಿ. ಖಾಲಿ ಕಾರ್ಡನ್ನು ಕಂಪ್ಯೂಟರಿಗೆ ಹಾಕಿ, ‘ಎಚ್2ಟೆಸ್ಟ್‌ಡಬ್ಲ್ಯು’ (H2testw) ಎಂಬ ಉಚಿತ ತಂತ್ರಾಂಶದಿಂದ ಪೂರ್ತಿ ತುಂಬಿಸಿ ಓದಿಸಿ. ಗಂಟೆಗಟ್ಟಲೆ ಹಿಡಿಯಬಹುದು, ಹಿಡಿಯಲಿ. ದೋಷ ತೋರಿಸಿದರೆ ಬಿಲ್ ಹಿಡಿದು ಅಂದೇ ಹಿಂದಿರುಗಿಸಿ. ಸರಿಯಿದ್ದರೆ ಫೋನಿನಲ್ಲೇ ಒಮ್ಮೆ ಫಾರ್ಮ್ಯಾಟ್ ಮಾಡಿ ಬಳಸಿ.