ಪ್ಯಾನಿಕ್‌ಗೆ ಸ್ವಸಹಾಯ: ಒಂದು ನೋಟ್‌ಬುಕ್, ಆರು ವಾರ, ಕುಂಬಳೆಯ ರೈಲು

ಕಾಸರಗೋಡಿನಲ್ಲಿ ಸ್ವಸಹಾಯ ಎಂದರೆ ಮೊದಲು ನೆನಪಾಗುವುದು ಕುಟುಂಬಶ್ರೀ, ಕೇರಳದ ಮಹಿಳೆಯರ ಸ್ವಸಹಾಯ ಗುಂಪುಗಳ ಜಾಲ. ಇಲ್ಲಿ ಹೇಳುವ ಸ್ವಸಹಾಯ ಬೇರೆ. ಆತಂಕ ಇರುವವರು, ಪ್ಯಾನಿಕ್ ಅಂದರೆ ಹಠಾತ್ತನೆ ಏರುವ ವಿಪರೀತ ಗಾಬರಿ ಇರುವವರು ಒಂದು ಪುಸ್ತಕವನ್ನೋ ಮೊಬೈಲ್ ಆ್ಯಪನ್ನೋ ಆನ್‌ಲೈನ್ ಕೋರ್ಸನ್ನೋ ಹಿಡಿದು ವಾರಗಟ್ಟಲೆ ತಾವೇ ಮಾಡುವ ಅಭ್ಯಾಸ ಇದು. ಪ್ರಯೋಜನ ಉಂಟೇ? ಉಂಟು, ಎಲ್ಲದರಿಂದಲೂ ಅಲ್ಲ. ಸೌಮ್ಯದಿಂದ ಮಧ್ಯಮ ಮಟ್ಟದ ಪ್ಯಾನಿಕ್‌ಗೆ ಸಿಬಿಟಿ, ಅಂದರೆ ಯೋಚನೆಯನ್ನೂ ನಡವಳಿಕೆಯನ್ನೂ ಒಟ್ಟಿಗೆ ತಿದ್ದುವ ಚಿಕಿತ್ಸೆ, ಅದರ ಆಧಾರದ ಸ್ವಸಹಾಯವನ್ನು ಬ್ರಿಟನ್ನಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ರೂಪಿಸುವ ನೈಸ್ ಸಂಸ್ಥೆಯ 2011ರ ಮಾರ್ಗಸೂಚಿ ಚಿಕಿತ್ಸೆಯ ಆರಂಭದಲ್ಲೇ ಸೂಚಿಸುತ್ತದೆ. ಆದರೆ ಪೇಟೆಯಲ್ಲಿ ಸಿಗುವ ಹೆಚ್ಚಿನವು ಕಣ್ಣು ಮುಚ್ಚಿಸಿ ಸಮಾಧಾನ ಹೇಳುವಂಥವು. ಕೇಳುವಾಗ ಹಿತ, ಮಾರನೆಯ ದಿನ ಬಸ್ಸು ಹತ್ತುವಾಗ ಎದೆ ಮತ್ತೆ ಡವಡವ. ಕೆಲಸಕ್ಕೆ ಬರುವುದು ನಿಮ್ಮನ್ನು ಆ ಬಸ್ಸಿಗೆ ಹತ್ತಿಸುವ ಕ್ರಮ.

ಇದು ಏಕೆಂದು ತಿಳಿಯಲು ಅಡಿಕೆಯ ಉದಾಹರಣೆ ಸಾಕು. ಅಡಿಕೆ ಸೊಕ್ಕಿದರೆ, ಅಂದರೆ ತಿಂದ ಅಡಿಕೆ ತಲೆಗೇರಿದರೆ, ಏನಾಗುತ್ತದೆಂದು ಇಲ್ಲಿನವರಿಗೆ ಹೇಳಿಕೊಡಬೇಕಿಲ್ಲ: ಮೈ ಬೆವರುತ್ತದೆ, ತಲೆ ತಿರುಗುತ್ತದೆ, ಎದೆ ಬಿಗಿಯುತ್ತದೆ, ಎದೆಬಡಿತ ಏರುತ್ತದೆ. ಒಂದು ಲೋಟ ನೀರು ಕುಡಿದು ಜಗಲಿಯಲ್ಲಿ ಕೂತರೆ ಸ್ವಲ್ಪ ಹೊತ್ತಿನಲ್ಲಿ ಇಳಿಯುತ್ತದೆ. ಸೊಕ್ಕಿದವನು ಸಾಯುತ್ತೇನೆಂದು ಕೂಗುವುದಿಲ್ಲ, ಕಾರಣ ಅವನಿಗೆ ಗೊತ್ತು. ಪ್ಯಾನಿಕ್‌ನಲ್ಲಿ ದೇಹ ಮಾಡುವುದು ಹೆಚ್ಚುಕಡಿಮೆ ಅದನ್ನೇ, ಕಾರಣ ಮಾತ್ರ ಕಾಣುವುದಿಲ್ಲ. ಕಾರಣ ಕಾಣದ ಮನಸ್ಸು "ಇದು ಹಾರ್ಟ್ ಅಟ್ಯಾಕ್" ಎನ್ನುತ್ತದೆ. ಆ ಹೆದರಿಕೆಗೆ ಅಡ್ರಿನಾಲಿನ್ ಇನ್ನಷ್ಟು ಬರುತ್ತದೆ, ಎದೆ ಇನ್ನಷ್ಟು ಬಡಿಯುತ್ತದೆ, ಹೆದರಿಕೆ ಇನ್ನಷ್ಟು ಏರುತ್ತದೆ. ಈ ಸುತ್ತನ್ನು 1986ರಲ್ಲಿ ಡೇವಿಡ್ ಕ್ಲಾರ್ಕ್ ಎಂಬ ಮನಶ್ಶಾಸ್ತ್ರಜ್ಞ ಸ್ಪಷ್ಟವಾಗಿ ವಿವರಿಸಿದರು. ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ಇದು ತುದಿಗೇರಿ, ಆಮೇಲೆ ತಾನಾಗಿಯೇ ಇಳಿಯುತ್ತದೆ. ಇಳಿಯುವುದಕ್ಕೆ ಮೊದಲೇ ಬಸ್ಸಿನಿಂದ ಇಳಿದು ಓಡಿದವರಿಗೆ "ಓಡಿದ್ದರಿಂದ ಬದುಕಿದೆ" ಎಂಬ ಪಾಠ ಉಳಿಯುತ್ತದೆ. ಒಳ್ಳೆಯ ಕ್ರಮದ ಅಷ್ಟೂ ಕೆಲಸ ಈ ತಪ್ಪು ಪಾಠವನ್ನು ಅಳಿಸುವುದು.

ಮೊದಲು ಡಾಕ್ಟರು, ಒಮ್ಮೆ ಮಾತ್ರ

ಶುರು ಮಾಡುವ ಮುಂಚೆ ಇಸಿಜಿ, ರಕ್ತದ ಹಿಮೋಗ್ಲೋಬಿನ್, ಸಕ್ಕರೆ, ಥೈರಾಯ್ಡ್ ಇಷ್ಟನ್ನು ನೋಡಿಸಿ. ಥೈರಾಯ್ಡ್ ಏರಿದ್ದರೂ, ರಕ್ತ ಕಡಿಮೆಯಿದ್ದರೂ, ದಿನಾ ಕುಡಿಯುವವರು ಹಠಾತ್ತನೆ ನಿಲ್ಲಿಸಿದರೂ ಲಕ್ಷಣ ಹೀಗೇ ಇರುತ್ತದೆ. ನಡೆದಾಗ, ಗುಡ್ಡ ಹತ್ತಿದಾಗ ಬರುವ ಎದೆನೋವು, ಎಡಗೈಗೋ ದವಡೆಗೋ ಹರಡುವ ನೋವು, ನಿಜವಾಗಿಯೂ ಪ್ರಜ್ಞೆ ತಪ್ಪಿ ಬೀಳುವುದು, ಇವು ಪ್ಯಾನಿಕ್ ಎಂದು ಕೂರುವ ಸಂಗತಿಗಳಲ್ಲ, ನೇರ ಆಸ್ಪತ್ರೆಗೆ ಹೋಗಿ. ನಲವತ್ತು ದಾಟಿದವರಿಗೆ, ಸಕ್ಕರೆ ಕಾಯಿಲೆ ಇರುವವರಿಗೆ ಮೊದಲ ಸಲ ಹೀಗಾದರೂ ಅಷ್ಟೆ. "ಗ್ಯಾಸ್" ಎಂದು ಜೀರಿಗೆ ಕಷಾಯ ಕುಡಿದು ಮಲಗುವುದು ಎರಡೂ ಕಡೆಯಿಂದ ಕೆಟ್ಟದ್ದು: ಹೃದ್ರೋಗವಾಗಿದ್ದರೆ ತಡವಾಗುತ್ತದೆ, ಪ್ಯಾನಿಕ್ ಆಗಿದ್ದರೆ ಹೆಸರೇ ಸಿಗದೆ ವರ್ಷ ಕಳೆಯುತ್ತದೆ.

ರಿಪೋರ್ಟು ಸರಿ ಬಂದ ಮೇಲೆ ಪುನಃ ಪುನಃ ಮಂಗಳೂರಿಗೆ ಹೋಗಿ ಎಕೋ, ಟಿಎಂಟಿ ಎಂಬ ಹೃದಯದ ಪರೀಕ್ಷೆಗಳನ್ನು ಮಾಡಿಸುವುದನ್ನು ನಿಲ್ಲಿಸಬೇಕು. ಪ್ರತಿ ಸಲ "ಏನೂ ಇಲ್ಲ" ಎಂದಾಗ ಸಿಗುವ ನೆಮ್ಮದಿ ಒಂದು ವಾರಕ್ಕೆ. ಮುಂದಿನ ವಾರ ಇನ್ನೊಂದು ಡಾಕ್ಟರು ಬೇಕಾಗುತ್ತಾರೆ. ಜೋಯಿಸರಲ್ಲಿ ಪ್ರಶ್ನೆ ಇಡಿಸುವುದೋ ಹರಕೆ ಹೊರುವುದೋ ಮನೆಯ ಕ್ರಮವಾದರೆ ಅದೂ ಆಗಲಿ, ಅಭ್ಯಾಸ ಅದಕ್ಕಾಗಿ ಕಾಯದಿರಲಿ.

ಯಾರಿಗೆ ಆಗುವುದಿಲ್ಲ ಎಂದೂ ಹೇಳಬೇಕು. ಸಾಯುವ ಯೋಚನೆ ಬರುತ್ತಿದ್ದರೆ, ಕುಡಿತ ಜೊತೆಗಿದ್ದರೆ, ಬೇಸರದಿಂದ ಹಾಸಿಗೆ ಬಿಟ್ಟೇಳಲಾಗದಿದ್ದರೆ ಇದು ಒಬ್ಬರೇ ಮಾಡುವ ಕೆಲಸವಲ್ಲ. ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರ್‌ನಿಂದ ಕೇಂದ್ರ ಸರಕಾರ ನಡೆಸುತ್ತಿರುವ ಉಚಿತ ಮಾನಸಿಕ ಆರೋಗ್ಯ ಸೇವೆ ಇದು, ಭಾಷೆ ಆರಿಸಿಕೊಳ್ಳುವಾಗ ಕನ್ನಡವೂ ಇದೆ. ಕೇರಳದ ದಿಶಾ ಸಹಾಯವಾಣಿ 1056.

ಒಂದು ಅಳತೆಯೂ ಬೇಕು. ಜಿಎಡಿ-7 ಎಂಬ, ಆತಂಕದ ಮಟ್ಟ ಅಳೆಯುವ ಏಳು ಪ್ರಶ್ನೆಗಳ ಹಾಳೆ ಎಲ್ಲ ಕಡೆ ಉಚಿತವಾಗಿ ಸಿಗುತ್ತದೆ. ಕಳೆದ ಎರಡು ವಾರದ ಬಗ್ಗೆ ಪ್ರತಿ ಪ್ರಶ್ನೆಗೆ 0ಯಿಂದ 3 ಅಂಕ, ಒಟ್ಟು 21. ಐದರಿಂದ ಸೌಮ್ಯ, ಹತ್ತರಿಂದ ಮಧ್ಯಮ, ಹದಿನೈದರಿಂದ ತೀವ್ರ. ಹದಿನೈದೋ ಅದಕ್ಕಿಂತ ಮೇಲೋ ಇದ್ದರೆ ಮೊದಲು ಮನೋವೈದ್ಯರನ್ನು ಕಂಡು, ಅವರ ಚಿಕಿತ್ಸೆಯ ಜೊತೆಗೆ ಇದನ್ನು ಇಟ್ಟುಕೊಳ್ಳಿ. ಮೊದಲ ದಿನ, ಮೂರನೆಯ ವಾರ, ಆರನೆಯ ವಾರ ಅಂಕ ಬರೆದಿಡಿ.

ಯಾವ ಕ್ರಮವನ್ನು ಆರಿಸುವುದು

ಪುಸ್ತಕವಿರಲಿ ಆ್ಯಪ್ ಇರಲಿ, ವಿಷಯಸೂಚಿ ತೆರೆದು ನೋಡಿ. ಹೆದರುವ ಜಾಗಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಹೋಗುವ ಅಧ್ಯಾಯ ಇದೆಯೇ? ಎದೆಬಡಿತ, ತಲೆಸುತ್ತನ್ನು ಬೇಕೆಂದೇ ಬರಿಸಿಕೊಳ್ಳುವ ಅಭ್ಯಾಸ ಇದೆಯೇ? ನೀವು ಬರೆಯಬೇಕಾದ ಹಾಳೆಗಳು ಇವೆಯೇ? ಈ ಮೂರೂ ಇಲ್ಲದೆ ಬರೀ ಧ್ಯಾನ, ಸಂಗೀತ, ಒಳ್ಳೆಯ ಮಾತು ಇದ್ದರೆ ದುಡ್ಡು ಕೊಡಬೇಡಿ. "21 ದಿನದಲ್ಲಿ ಶಾಶ್ವತ ಪರಿಹಾರ", "ಮಾತ್ರೆ ಇವತ್ತೇ ಬಿಡಿ" ಎನ್ನುವವರ ಕಡೆಗೆ ತಲೆಯನ್ನೂ ಹಾಕಬೇಡಿ. ಒಳ್ಳೆಯ ಸಾಮಗ್ರಿ ಹೆಚ್ಚಾಗಿ ಇಂಗ್ಲಿಷಿನಲ್ಲೇ ಸಿಗುವುದು. ಓದುವುದು ಯಾವ ಭಾಷೆಯಲ್ಲಾದರೂ ಆಗಬಹುದು, ನೋಟ್‌ಬುಕ್ಕಿನಲ್ಲಿ ಬರೆಯುವುದು ಮಾತ್ರ ನಿಮಗೆ ಹೆದರಿಕೆಯಾಗುವ ಭಾಷೆಯಲ್ಲೇ ಇರಲಿ. "ಜೀವ ಹೋಗ್ತದೆ" ಎಂದು ತುಳುವಿನಲ್ಲೋ ಹವ್ಯಕದಲ್ಲೋ ಮಲಯಾಳದಲ್ಲೋ ತೋರಿದರೆ ಹಾಗೆಯೇ ಬರೆಯಿರಿ. ಅದನ್ನು ಶುದ್ಧ ಪುಸ್ತಕದ ಮಾತಿಗೆ ತಿರುಗಿಸಿದರೆ ಕಾವು ಆರಿಹೋಗುತ್ತದೆ.

ಒಂಟಿಯಾಗಿ ಮಾಡಿದವರು ಅರ್ಧಕ್ಕೆ ಬಿಡುವುದು ಹೆಚ್ಚು. ಆದ್ದರಿಂದ ವಾರಕ್ಕೊಮ್ಮೆ 20 ನಿಮಿಷ ಫೋನಿನಲ್ಲಿ ವಿಚಾರಿಸುವ ಒಬ್ಬರು ಬೇಕು. ಅವರು ಚಿಕಿತ್ಸಕರೇ ಆದರೆ ಉತ್ತಮ. ಸಿಗದಿದ್ದರೆ ಅಕ್ಕನೋ ಭಾವನೋ ಗೆಳೆಯನೋ ಆಗಬಹುದು. ಅವರು ಕೇಳಬೇಕಾದ್ದು ಎರಡೇ: "ಈ ವಾರ ಏನು ಮಾಡಿದೆ? ಮುಂದಿನ ವಾರ ಯಾವ ದಿನ ಏನು ಮಾಡುತ್ತಿ?" "ನಿನಗೆ ಏನೂ ಆಗುವುದಿಲ್ಲ, ಧೈರ್ಯ ತಗೋ" ಎನ್ನುವ ಕೆಲಸ ಅವರದ್ದಲ್ಲ, ಅದನ್ನು ಮೊದಲೇ ಹೇಳಿಡಿ.

ಮೊದಲ ಎರಡು ವಾರ

ಮೊದಲ ವಾರ ಬರೀ ದಾಖಲೆ. ಗಾಬರಿ ಬಂದ ದಿನ, ಹೊತ್ತು, ಜಾಗ, ಮೊದಲು ಮೈಯಲ್ಲಿ ಏನು ಗೊತ್ತಾಯಿತು, ಮನಸ್ಸು ಏನೆಂದಿತು, ಏನು ಮಾಡಿದಿರಿ, ಎಷ್ಟು ನಿಮಿಷಕ್ಕೆ ಇಳಿಯಿತು. ನಿದ್ದೆಯಿಂದ ಎಚ್ಚರಿಸುವ ಪ್ಯಾನಿಕ್ಕೂ ಉಂಟು, ಅದನ್ನೂ ಬರೆಯಿರಿ. ಜೊತೆಗೆ ಆ ದಿನದ ಕಾಫಿ, ಚಾ, ವೀಳ್ಯ, ಹೊಗೆಸೊಪ್ಪಿನ ಲೆಕ್ಕ. ನಾಲ್ಕೂ ಎದೆಬಡಿತ ಏರಿಸುವಂಥವು.

ಎರಡನೆಯ ವಾರ "ಊರುಗೋಲು"ಗಳ ಪಟ್ಟಿ ಮಾಡಿ. ಹೋದಲ್ಲೆಲ್ಲ ನೀರಿನ ಬಾಟಲಿ, ಜೇಬಿನಲ್ಲಿ ಮಾತ್ರೆ, ಬಸ್ಸಿನ ಬಾಗಿಲ ಪಕ್ಕದ ಸೀಟು, ನಿಮಿಷಕ್ಕೊಮ್ಮೆ ನಾಡಿ ಹಿಡಿದು ನೋಡುವುದು, ಯಕ್ಷಗಾನಕ್ಕೆ ಹೋದರೆ ಹಿಂದಿನ ಸಾಲಿನಲ್ಲಿ ನಿಂತೇ ನೋಡುವುದು. ಇವನ್ನು ಈಗಲೇ ಬಿಡಬೇಕೆಂದಿಲ್ಲ, ಇವೆಯೆಂದು ಗೊತ್ತಾಗಬೇಕು.

ಉಸಿರಾಟದ ಅಭ್ಯಾಸದ ಬಗ್ಗೆ ಗೊಂದಲ ಬಹಳ. ನಾಲ್ಕು ಎಣಿಸುವಷ್ಟು ಒಳಗೆ, ಆರು ಎಣಿಸುವಷ್ಟು ಹೊರಗೆ, ದಿನಕ್ಕೆರಡು ಸಲ ಐದೈದು ನಿಮಿಷ ಮಾಡಿದರೆ ಮೈ ಸಡಿಲವಾಗುತ್ತದೆ, ಒಳ್ಳೆಯದೇ. ಆದರೆ ಪ್ಯಾನಿಕ್ ಬಂದ ಕ್ಷಣ "ಉಸಿರು ಸರಿ ಮಾಡದಿದ್ದರೆ ಸತ್ತೆ" ಎಂದು ಎಣಿಸತೊಡಗಿದರೆ ಅದೂ ಇನ್ನೊಂದು ಊರುಗೋಲು. ಕಾಗದದ ಚೀಲದೊಳಗೆ ಉಸಿರಾಡುವ ಹಳೆಯ ಉಪಾಯವನ್ನಂತೂ ಮಾಡಬೇಡಿ: ಅದು ಪ್ಯಾನಿಕ್ ಅಲ್ಲದೆ ಅಸ್ತಮಾವೋ ಹೃದಯದ ತೊಂದರೆಯೋ ಆಗಿದ್ದರೆ ಅಪಾಯ.

ಮೂರನೆಯ ವಾರ: ಮೈಯ ಹೆದರಿಕೆ

ಹೃದ್ರೋಗ, ಅಸ್ತಮಾ, ಅಪಸ್ಮಾರ ಇರುವವರು, ಗರ್ಭಿಣಿಯರು ಡಾಕ್ಟರನ್ನು ಕೇಳದೆ ಈ ಭಾಗವನ್ನು ಮಾಡಬಾರದು. ಉಳಿದವರಿಗೆ ಬೇಕಾದ್ದು ಒಂದು ಗಡಿಯಾರ, ಒಂದು ಸ್ಟ್ರಾ, ಒಂದಿಷ್ಟು ಜಾಗ.

ನಿಂತಲ್ಲೇ ಜೋರಾಗಿ ಓಡುವುದು 1 ನಿಮಿಷ. ನಿಂತಲ್ಲೇ ಗಿರಗಿರ ಸುತ್ತುವುದು 1 ನಿಮಿಷ. ತಲೆಯನ್ನು ಎಡಕ್ಕೂ ಬಲಕ್ಕೂ ಆಡಿಸುವುದು 30 ಸೆಕೆಂಡು. ಮೂಗು ಹಿಡಿದು ಸ್ಟ್ರಾದಲ್ಲಿ ಉಸಿರಾಡುವುದು 1 ನಿಮಿಷ. ಬೊಂಡ ಕುಡಿಯುವ ಸ್ಟ್ರಾ ದಪ್ಪವಾಯಿತು, ಜ್ಯೂಸ್ ಪೊಟ್ಟಣದ ಸಪೂರದ್ದು ಬೇಕು. ಕೊನೆಯದು, ಬಾಯಿಯಿಂದ ಆಳವಾಗಿ ವೇಗವಾಗಿ ಉಸಿರಾಡುವುದು 1 ನಿಮಿಷ. ಇದರಲ್ಲಿ ರಕ್ತದ ಇಂಗಾಲದ ಡೈಆಕ್ಸೈಡ್ ಇಳಿದು ಬೆರಳು ಜುಮ್ಮೆನ್ನುತ್ತದೆ, ತಲೆ ಹಗುರಾಗುತ್ತದೆ. ಪ್ಯಾನಿಕ್‌ನಲ್ಲಿ ಕೈ ಮರಗಟ್ಟುವುದೂ ಹೆಚ್ಚಾಗಿ ಇದರಿಂದಲೇ, ಪಾರ್ಶ್ವವಾಯುವಿನಿಂದಲ್ಲ.

ಪ್ರತಿಯೊಂದರ ನಂತರ 0ಯಿಂದ 10ರೊಳಗೆ ಎರಡು ಅಂಕ ಬರೆಯಿರಿ: ಹೆದರಿಕೆ ಎಷ್ಟು, ನಿಮ್ಮ ಪ್ಯಾನಿಕ್ಕನ್ನು ಎಷ್ಟು ಹೋಲುತ್ತದೆ. ಹೆಚ್ಚು ಹೋಲುವ ಒಂದೆರಡನ್ನು ಆರಿಸಿ, ದಿನಾ ಒಂದೇ ಕೂತಿನಲ್ಲಿ ನಾಲ್ಕೈದು ಸಲ ಮಾಡಿ. ಹೆದರಿಕೆ 2ಕ್ಕೆ ಇಳಿಯುವ ತನಕ ಮುಂದಿನದಕ್ಕೆ ಹೋಗಬೇಡಿ. ಇಲ್ಲಿ ಎಡವುವುದು ಎರಡು ಕಡೆ. ತಲೆ ಸುತ್ತಲು ಶುರುವಾದ ಕೂಡಲೇ ಹದಿನೈದನೆಯ ಸೆಕೆಂಡಿಗೇ ನಿಲ್ಲಿಸುತ್ತಾರೆ. ಮುಗಿದ ತಕ್ಷಣ ಗೋಡೆ ಹಿಡಿದು ಕೂರುತ್ತಾರೆ. ಎರಡರಲ್ಲೂ "ನಿಲ್ಲಿಸದಿದ್ದರೆ, ಹಿಡಿಯದಿದ್ದರೆ ಬೀಳುತ್ತಿದ್ದೆ" ಎಂಬ ನಂಬಿಕೆ ಹಾಗೇ ಉಳಿಯುತ್ತದೆ. ನಿಜ ಹೇಳಬೇಕೆಂದರೆ ಪ್ಯಾನಿಕ್‌ನಲ್ಲಿ ಪ್ರಜ್ಞೆ ತಪ್ಪುವುದು ತೀರ ಅಪರೂಪ. ಪ್ರಜ್ಞೆ ತಪ್ಪಲು ರಕ್ತದೊತ್ತಡ ಇಳಿಯಬೇಕು, ಪ್ಯಾನಿಕ್‌ನಲ್ಲಿ ಅದು ಏರುತ್ತದೆ. ರಕ್ತ, ಇಂಜೆಕ್ಷನ್ ಕಂಡು ಹೆದರುವವರದ್ದು ಮಾತ್ರ ಬೇರೆ ಕಥೆ.

ನಾಲ್ಕರಿಂದ ಆರು: ಮೆಟ್ಟಿಲು

ರೈಲಿನ ಹೆದರಿಕೆಯನ್ನೇ ತೆಗೆದುಕೊಳ್ಳೋಣ. ಮಂಗಳೂರಿನ ಆಸ್ಪತ್ರೆ, ಕಾಲೇಜು, ಕೆಲಸ ಎಂದು ಈ ದಾರಿ ಬೇಡವೆಂದರೂ ಬಿಡದು. ಕಾಸರಗೋಡು ನಿಲ್ದಾಣದಲ್ಲಿ ಪ್ಲಾಟ್‌ಫಾರಂ ಟಿಕೆಟ್ ತೆಗೆದು ಅರ್ಧ ಗಂಟೆ ನಿಲ್ಲುವುದು ಮೊದಲ ಮೆಟ್ಟಿಲು. ಜೊತೆಗೊಬ್ಬರು ಇದ್ದು ಕುಂಬಳೆಯ ತನಕ ಎರಡನೆಯದು. ಜೊತೆಗಾರ ಬೇರೆ ಬೋಗಿಯಲ್ಲಿ, ಅದೇ ಕುಂಬಳೆ. ಒಬ್ಬರೇ ಕುಂಬಳೆ. ಒಬ್ಬರೇ ಉಪ್ಪಳ, ಮಂಜೇಶ್ವರ. ಒಬ್ಬರೇ ಮಂಗಳೂರು, ನೇತ್ರಾವತಿ ಸೇತುವೆ ದಾಟಿ. ನಡುವೆ ಇಳಿಯಲಾಗದ ಜಾಗ ಅದು, ಹಾಗಾಗಿ ಹಲವರ ಪಟ್ಟಿಯಲ್ಲಿ ತುದಿಗೇ ಇರುತ್ತದೆ. ಕೊನೆಯದಾಗಿ ಅದೇ ಪ್ರಯಾಣ, ನೀರಿನ ಬಾಟಲಿ ಇಲ್ಲದೆ, ಮನೆಗೆ ಫೋನ್ ಮಾಡದೆ.

ಹೊರಡುವ ಮೊದಲು ನೋಟ್‌ಬುಕ್ಕಿನಲ್ಲಿ ಒಂದು ವಾಕ್ಯ: ಏನಾಗುತ್ತದೆಂದು ಹೆದರಿಕೆ, ಅದು ಆಗುವ ಸಾಧ್ಯತೆ ನೂರಕ್ಕೆ ಎಷ್ಟು. "ಉಪ್ಪಳ ದಾಟುವಾಗ ಕಿರಿಚಿಕೊಂಡು ಎಲ್ಲರ ಎದುರು ಮಾನ ಹೋಗುತ್ತದೆ, ನೂರಕ್ಕೆ 80." ಬಂದ ಮೇಲೆ ಅದರ ಕೆಳಗೆ ನಿಜವಾಗಿ ಏನಾಯಿತೆಂದು ಬರೆಯಿರಿ. ಗಾಬರಿ ಬಂದಿತೇ ಇಲ್ಲವೇ ಎಂಬುದು ಲೆಕ್ಕವಲ್ಲ. ಗಾಬರಿ ಬಂದೂ ಕಿರಿಚಲಿಲ್ಲ ಎಂಬುದೇ ಹೆಚ್ಚು ಬೆಲೆಯ ಫಲಿತಾಂಶ. ವಾರಕ್ಕೆ ನಾಲ್ಕೈದು ಸಲವಾದರೂ ಹೋಗಬೇಕು. ತಿಂಗಳಿಗೊಮ್ಮೆ ಹೋದರೆ ನಡುವಿನ ದಿನಗಳಲ್ಲಿ ಹೆದರಿಕೆ ಹಳೆಯ ಎತ್ತರಕ್ಕೇ ಏರಿ ಕೂರುತ್ತದೆ. ಆಟಿಯ ಮಳೆಗೆ ನಿಂತುಹೋದರೆ ಪುನಃ ಶುರುಮಾಡುವಾಗ ಒಂದು ಮೆಟ್ಟಿಲು ಕೆಳಗಿನಿಂದ ಹತ್ತಿ.

ಒಂದು ಎಚ್ಚರಿಕೆ. ಅಭ್ಯಾಸ ನಿರಪಾಯವಾದ ಹೆದರಿಕೆಗೆ ಮಾತ್ರ. ಇಕ್ಕಟ್ಟಿನ ಹೆದರಿಕೆ ಕಳೆಯಲೆಂದು ನೀರಿಗೆಂದು ಗುಡ್ಡದಲ್ಲಿ ಕೊರೆದ ಸುರಂಗದೊಳಗೆ ನುಗ್ಗುವುದು, ಎತ್ತರದ ಹೆದರಿಕೆಗೆ ಅಡಿಕೆ ಮರ ಹತ್ತುವುದು ಬೇಡ. ಸುರಂಗದ ಒಳಗೆ ಗಾಳಿ ಕಡಿಮೆಯಿರಬಹುದು, ಮರದಿಂದ ಬಿದ್ದರೆ ಬೆನ್ನುಮೂಳೆ ಮುರಿಯುತ್ತದೆ. ಅಲ್ಲಿ ಹೆದರಿಕೆ ಸರಿಯಾದದ್ದೇ. ಮಾಳಿಗೆ, ಲಿಫ್ಟ್, ಚಂದ್ರಗಿರಿ ಸೇತುವೆ ಸಾಕು.

ಪ್ಯಾನಿಕ್ ಇಲ್ಲದೆ ದಿನವಿಡೀ ಚಿಂತೆಯೇ ಇರುವವರಿಗೆ ಇನ್ನೊಂದು ಉಪಾಯ. ಸಂಜೆ ಒಂದೇ ಹೊತ್ತಿಗೆ 20 ನಿಮಿಷ ಚಿಂತೆಗೆಂದು ಇಡಿ, ಉಳಿದ ಹೊತ್ತಿನಲ್ಲಿ ಬಂದದ್ದನ್ನು ಚೀಟಿಯಲ್ಲಿ ಬರೆದು ಅಲ್ಲಿಗೆ ದೂಡಿ. ಆ ಹೊತ್ತು ಬಂದಾಗ ಎರಡು ರಾಶಿ ಮಾಡಿ. "ಅಡಿಕೆಗೆ ಬೋರ್ಡೋ ಔಷಧಿ ಬಿಡಲು ಇನ್ನೂ ಜನ ಸಿಗಲಿಲ್ಲ" ಎಂಬುದಕ್ಕೆ ನಾಳೆ ಬೆಳಿಗ್ಗೆ ಯಾರಿಗೆ ಫೋನ್ ಎಂದು ಬರೆದರೆ ಮುಗಿಯಿತು. "ಅಡಿಕೆ ರೇಟು ಬಿದ್ದರೆ? ಗಲ್ಫಿನಲ್ಲಿರುವ ಮಗನಿಗೆ ಏನಾದರೂ ಆದರೆ?" ಎಂಬುದಕ್ಕೆ ಮಾಡುವ ಕೆಲಸವೇ ಇಲ್ಲ. ಅದನ್ನು ಉತ್ತರಿಸದೆ ಹಾಗೆಯೇ ಬಿಡಲು ಕಲಿಯುವುದೇ ಅಭ್ಯಾಸ.

ಮಾತ್ರೆ ಇದ್ದರೆ

ಎಸ್‌ಎಸ್‌ಆರ್‌ಐ ಎಂಬ, ಆತಂಕಕ್ಕೂ ಖಿನ್ನತೆಗೂ ಕೊಡುವ ವರ್ಗದ ಮಾತ್ರೆಗಳ ಜೊತೆಗೆ ಈ ಅಭ್ಯಾಸ ಮಾಡಬಹುದು. ಅವು ಕೆಲಸ ಮಾಡಲು ಕೆಲವು ವಾರ ಬೇಕು, ಮೊದಲ ದಿನಗಳಲ್ಲಿ ಆತಂಕ ಸ್ವಲ್ಪ ಏರಬಹುದು. ಅಲ್ಪ್ರಾಝೋಲಾಂನಂಥವು ಬೇರೆ ಜಾತಿ: ತಕ್ಷಣ ಇಳಿಸುತ್ತವೆ, ಅದಕ್ಕೇ ಅಭ್ಯಾಸವಾಗಿ ಅಂಟುತ್ತವೆ, ರೈಲು ಹತ್ತುವ ಮುಂಚೆ ನುಂಗಿದರೆ ಪಾಠ ಮಾತ್ರೆಗೆ ಹೋಗುತ್ತದೆ, ನಿಮಗಲ್ಲ. ಹಾಗೆಂದು ದಿನಾ ತೆಗೆದುಕೊಳ್ಳುತ್ತಿದ್ದವರು ಒಮ್ಮೆಲೇ ನಿಲ್ಲಿಸಿದರೆ ಅಪಸ್ಮಾರದ ಅಪಾಯವೂ ಉಂಟು. ಡಾಕ್ಟರು ಹೇಳಿದಂತೆ ಸ್ವಲ್ಪ ಸ್ವಲ್ಪವೇ ಇಳಿಸಬೇಕು. ಎದೆಬಡಿತ ಇಳಿಸುವ ಪ್ರೊಪ್ರನೊಲಾಲ್ ಮಾತ್ರೆ ಅಸ್ತಮಾದವರಿಗೆ ಆಗದು.

ಆರು ವಾರ ಪ್ರಾಮಾಣಿಕವಾಗಿ ಮಾಡಿಯೂ ಜಿಎಡಿ-7 ನಾಲ್ಕೈದು ಅಂಕವಾದರೂ ಇಳಿಯದಿದ್ದರೆ, ಹೋಗದ ಜಾಗಗಳ ಪಟ್ಟಿ ಗಿಡ್ಡವಾಗದಿದ್ದರೆ ಮನೋವೈದ್ಯರ ಬಳಿಗೆ ಹೋಗಿ. ನಮ್ಮ ಅಭಿಪ್ರಾಯದಲ್ಲಿ ಎರಡನೆಯದೇ ಹೆಚ್ಚು ನಂಬುವ ಅಳತೆ. ಕಾಸರಗೋಡಿನ ಜನರಲ್ ಆಸ್ಪತ್ರೆಯಲ್ಲೋ ಕಾಞಂಗಾಡಿನ ಜಿಲ್ಲಾ ಆಸ್ಪತ್ರೆಯಲ್ಲೋ ವಿಚಾರಿಸಬಹುದು, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಕ್ಲಿನಿಕ್ ಹತ್ತಿರದಲ್ಲಿ ಯಾವ ದಿನವೆಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ಒಪಿಯಲ್ಲಿ ಸಿಗುವ ಹೊತ್ತು ಕಡಿಮೆ, ಡಾಕ್ಟರಿಗೆ ಕನ್ನಡ ಬಾರದಿರಲೂಬಹುದು. ಆದ್ದರಿಂದ ಒಂದು ಹಾಳೆಯಲ್ಲಿ ಮೂರು ಜಿಎಡಿ-7 ಅಂಕ, ವಾರಕ್ಕೆ ಎಷ್ಟು ಪ್ಯಾನಿಕ್, ಯಾವ ಮೆಟ್ಟಿಲಲ್ಲಿ ನಿಂತಿರಿ, ತೆಗೆದುಕೊಳ್ಳುವ ಮಾತ್ರೆಗಳ ಹೆಸರು ಇಷ್ಟನ್ನು ಮಲಯಾಳ ಬಲ್ಲ ಒಬ್ಬರಿಂದ ಬರೆಸಿ, ಹಳೆಯ ಇಸಿಜಿಯ ಜೊತೆ ಪಿನ್ ಮಾಡಿ ಒಯ್ಯಿರಿ.